ಯಾವ ರಾಜನ ಪ್ರಜೆ? ಸಿಂಧನೂರು, ಲಿಂಗಸುಗೂರು, ಮಸ್ಕಿ ಕಂಡ ಕಿರೀಟಗಳ ಕಥೆ

2022ರ ಸೆಪ್ಟೆಂಬರ್ ನೆನಪಿದೆಯಾ? 8ನೇ ತಾರೀಖು ಬ್ರಿಟನ್ನಿನ ರಾಣಿ ಎರಡನೇ ಎಲಿಜಬೆತ್ ತೀರಿಕೊಂಡರು. ಭಾರತ ಸರ್ಕಾರ 11ರಂದು ಒಂದು ದಿನದ ಶೋಕಾಚರಣೆ ಘೋಷಿಸಿತು. ನಿತ್ಯ ಬಾವುಟ ಹಾರುವ ಸರ್ಕಾರಿ ಕಟ್ಟಡಗಳ ಮೇಲೆಲ್ಲ ತ್ರಿವರ್ಣ ಧ್ವಜ ಅರ್ಧಕ್ಕೆ ಇಳಿಯಿತು. ಆರು ದಿನ ಕಳೆದು 17ನೇ ತಾರೀಖು ಬಂತು. ರಾಯಚೂರು, ಕಲಬುರಗಿ, ಬೀದರ್ ಕಡೆ ಅದೇ ಬಾವುಟ ಬ್ಯಾಂಡು, ಭಾಷಣ, ಸಿಹಿಯ ಜೊತೆ ಮೇಲೇರಿತು. ಅವತ್ತು ಕಲ್ಯಾಣ ಕರ್ನಾಟಕ ಉತ್ಸವ. ಇನ್ನೊಬ್ಬ ರಾಜನ ಆಳ್ವಿಕೆ ಮುಗಿದ ದಿನದ ಹಬ್ಬ.

ಒಂದೇ ವಾರದಲ್ಲಿ ಒಂದು ಕಿರೀಟಕ್ಕೆ ಶೋಕ, ಇನ್ನೊಂದು ಕಿರೀಟ ಇಳಿದದ್ದಕ್ಕೆ ಸಂಭ್ರಮ. ಬೆಂಗಳೂರಿನ ಆಫೀಸಿನಲ್ಲಿ ಕೂತು ಮೊಬೈಲ್ ನೋಡುವವರಿಗೆ ಇವೆರಡು ಬೇರೆ ಬೇರೆ ಸುದ್ದಿ. ಆದರೆ ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯವರ ಮನೆಯಲ್ಲಿ ಇವೆರಡೂ ಒಂದೇ ಕಥೆಯ ಎರಡು ತುದಿ. ಆ ಕಥೆ ಗೊತ್ತಿದ್ದರೆ, ಕೆನಡಾದಲ್ಲಿರುವ ನಿಮ್ಮ ಗೆಳೆಯ ಪೌರತ್ವ ತಗೊಳ್ಳುವಾಗ ಯಾಕೆ ರಾಜನ ಹೆಸರಲ್ಲಿ ಪ್ರಮಾಣ ಮಾಡಬೇಕು ಅನ್ನೋದೂ ಬೇರೆ ಥರ ಕಾಣುತ್ತದೆ.

ಸಾಲಕ್ಕೆ ಹೋದ ನಾಡು

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಈ ನೆಲಕ್ಕೆ ರಾಯಚೂರು ದೋಆಬ್ ಅಂತ ಹೆಸರು. ವಿಜಯನಗರ ಮತ್ತು ಬಹಮನಿಗಳು, ಆಮೇಲೆ ಬಿಜಾಪುರದ ಆದಿಲಶಾಹಿಗಳು ಇದಕ್ಕಾಗಿಯೇ ಬಡಿದಾಡಿದರು. ಲಿಂಗಸುಗೂರು ತಾಲ್ಲೂಕಿನ ಮುದಗಲ್ ಕೋಟೆ ಅದೆಷ್ಟು ಸಲ ಕೈ ಬದಲಾಯಿತೋ ಲೆಕ್ಕವಿಡುವುದು ಕಷ್ಟ. ಕೊನೆಗೆ ಹೈದರಾಬಾದಿನ ನಿಜಾಮರ ಕೈಗೆ ಬಂತು.

ನಿಜಾಮರು ಬ್ರಿಟಿಷರ ಒಂದು ಸೈನ್ಯವನ್ನು ಸಾಕಬೇಕಿತ್ತು. ಅದರ ಖರ್ಚಿನ ಸಾಲ ಬೆಳೆಯಿತು. 1853ರಲ್ಲಿ ಆ ಸಾಲಕ್ಕೆ ಬದಲಾಗಿ ಬೇರಾರಿನ ಜೊತೆ ರಾಯಚೂರು ದೋಆಬ್ ಕೂಡ ಈಸ್ಟ್ ಇಂಡಿಯಾ ಕಂಪನಿಯ ವಶಕ್ಕೆ ಹೋಯಿತು. ಹೊಲ ಅಡವಿಟ್ಟಂಗ ನಾಡನ್ನೇ ಕೊಟ್ಟರು. 1858ರಲ್ಲಿ ಕಂಪನಿಯ ಆಳ್ವಿಕೆ ಹೋಗಿ ವಿಕ್ಟೋರಿಯಾ ರಾಣಿಯ ಆಳ್ವಿಕೆ ಬಂತು. 1860ರಲ್ಲಿ, 1857ರ ದಂಗೆಯ ಹೊತ್ತಲ್ಲಿ ನಿಜಾಮರು ನಿಷ್ಠೆಯಿಂದ ಇದ್ದದ್ದಕ್ಕೆ ಇನಾಮಾಗಿ ದೋಆಬ್ ವಾಪಸ್ ಹೈದರಾಬಾದಿಗೆ ಬಂತು.

ಲೆಕ್ಕ ಹಾಕಿ ನೋಡಿ. ಲಿಂಗಸುಗೂರಿನ ಒಬ್ಬ ರೈತ ಊರು ಬಿಟ್ಟು ಕದಲದೆ ಏಳೇ ವರ್ಷದಲ್ಲಿ ನಿಜಾಮರ ಪ್ರಜೆ, ಕಂಪನಿಯ ಪ್ರಜೆ, ಇಂಗ್ಲೆಂಡಿನ ರಾಣಿಯ ಪ್ರಜೆ, ಮತ್ತೆ ನಿಜಾಮರ ಪ್ರಜೆ ಆದ. ಅವನನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಆಗ ಲಿಂಗಸುಗೂರು ಸಣ್ಣ ಊರೇನಲ್ಲ. ಅಲ್ಲಿ ದಂಡಿನ ಠಾಣೆ ಇತ್ತು. 1858ರ ಫೆಬ್ರುವರಿಯಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕನ ಮೇಲೆ ಹೋದ ಬ್ರಿಟಿಷ್ ಪಡೆ ಹೊರಟಿದ್ದು ಅಲ್ಲಿಂದಲೇ. ಮುಂದೆ ನಿಜಾಮರ ಕಾಲದಲ್ಲೂ ಅದು ಜಿಲ್ಲಾ ಕೇಂದ್ರವಾಗಿತ್ತು. 1905ರಲ್ಲಿ ಆ ಜಿಲ್ಲೆಯನ್ನು ಒಡೆದು ಲಿಂಗಸುಗೂರನ್ನು ರಾಯಚೂರಿಗೆ ಸೇರಿಸಿದರು.

ಬಂಡೆಯ ಮೇಲಿನ ಹೆಸರು

ಮಸ್ಕಿಯ ಕಥೆಯೇ ಬೇರೆ. ಭಾರತದಲ್ಲಿ ಅಲ್ಲಲ್ಲಿ ಸಿಕ್ಕ ಹಳೆಯ ಶಾಸನಗಳಲ್ಲಿ ‘ದೇವಾನಾಂಪ್ರಿಯ ಪ್ರಿಯದರ್ಶಿ’ ಎಂಬ ರಾಜನ ಬಿರುದು ಇತ್ತು. ಆ ಬ್ರಾಹ್ಮಿ ಲಿಪಿಯನ್ನು 1837ರ ಹೊತ್ತಿಗೆ ಓದಿದವರು ಜೇಮ್ಸ್ ಪ್ರಿನ್ಸೆಪ್. ಈ ಪ್ರಿಯದರ್ಶಿ ಯಾರು? ಸಿಂಹಳದ ಬೌದ್ಧ ಗ್ರಂಥಗಳ ಆಧಾರದಲ್ಲಿ ಅಶೋಕನೇ ಇರಬೇಕು ಅಂತ ವಿದ್ವಾಂಸರು ಹೇಳಿದರು. ಆದರೆ ಶಾಸನದಲ್ಲೇ ಹೆಸರು ಸಿಕ್ಕಿರಲಿಲ್ಲ.

1915ರ ಜನವರಿಯಲ್ಲಿ ನಿಜಾಮ್ ಸರ್ಕಾರದ ಗಣಿ ಎಂಜಿನಿಯರ್ ಸಿ. ಬೀಡನ್ ಮಸ್ಕಿ ಸುತ್ತ ಚಿನ್ನ ಹುಡುಕುತ್ತಿದ್ದರು. ಸಿಕ್ಕಿದ್ದು ಚಿನ್ನಕ್ಕಿಂತ ದೊಡ್ಡದು. ಗುಡ್ಡದ ಬಂಡೆಯ ಮೇಲೆ ಬಿರುದಿನ ಜೊತೆಗೇ ‘ಅಸೋಕ’ ಎಂಬ ಹೆಸರು ಸ್ಪಷ್ಟವಾಗಿತ್ತು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ಪ್ರಿಯದರ್ಶಿ ಅಂದರೆ ಅಶೋಕನೇ ಅನ್ನೋದಕ್ಕೆ ಕಲ್ಲಿನ ಸಾಕ್ಷಿ ಮೊದಲು ಸಿಕ್ಕಿದ್ದು ಹೀಗೆ, ನಮ್ಮ ಮಸ್ಕಿಯಲ್ಲಿ.

ಆ ಶಾಸನ ಏನು ಹೇಳುತ್ತದೆ ಗೊತ್ತಾ? ಧರ್ಮದ ದಾರಿಯಲ್ಲಿ ಮೇಲೇರುವುದು ದೊಡ್ಡವರಿಗೆ ಮಾತ್ರ ಅಲ್ಲ, ಸಣ್ಣವರಿಗೂ ಸಾಧ್ಯ, ಇದನ್ನು ಇಬ್ಬರಿಗೂ ತಿಳಿಸಿ ಎಂಬುದು ಅದರ ಸಾರ. ಸಾವಿರಾರು ಮೈಲಿ ಆಳಿದ ಒಬ್ಬ ಚಕ್ರವರ್ತಿ ಇಲ್ಲಿನ ಬಂಡೆಯ ಮೇಲೆ ಬರೆಸಿದ ಮಾತು ಇದು.

ಬಾವುಟದಲ್ಲಿ ಚಕ್ರ, ಊರಲ್ಲಿ ಬಾವುಟ ಇಲ್ಲ

ಈಗ 1947ಕ್ಕೆ ಬನ್ನಿ. ಜುಲೈ 22ರಂದು ದಿಲ್ಲಿಯಲ್ಲಿ ಸಂವಿಧಾನ ಸಭೆ ಹೊಸ ಬಾವುಟವನ್ನು ಒಪ್ಪಿಕೊಂಡಿತು. ನಡುವೆ ಅಶೋಕ ಚಕ್ರ. ಆಗಸ್ಟ್ 15ಕ್ಕೆ ದೇಶ ಸ್ವತಂತ್ರವಾಯಿತು. ಆದರೆ ಅಶೋಕನ ಹೆಸರು ಸಿಕ್ಕ ಮಸ್ಕಿ ಆ ದೇಶದ ಒಳಗಿರಲಿಲ್ಲ!

ಏಳನೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಜೂನ್‌ನಲ್ಲೇ ತಾನು ಎರಡೂ ದೇಶಗಳಿಗೆ ಸೇರುವುದಿಲ್ಲ, ಸ್ವತಂತ್ರವಾಗಿರುತ್ತೇನೆ ಅಂತ ಫರ್ಮಾನು ಹೊರಡಿಸಿದ್ದರು. ಹೈದರಾಬಾದ್ ಸಂಸ್ಥಾನದಲ್ಲಿ ತ್ರಿವರ್ಣ ಹಾರಿಸಿದವರು ಜೈಲಿಗೆ ಹೋದರು. ಅಲ್ಲಿನ ಸ್ಟೇಟ್ ಕಾಂಗ್ರೆಸ್ ನಾಯಕ ಸ್ವಾಮಿ ರಮಾನಂದ ತೀರ್ಥರನ್ನು ಬಂಧಿಸಿದರು. ಅವರು ಹುಟ್ಟಿದ್ದು ನಮ್ಮ ಸಿಂದಗಿಯಲ್ಲಿ.

ಸಿಂಧನೂರಿನವರಿಗೆ ಇದು ಕಣ್ಣಿಗೆ ಕಾಣುವ ಗಡಿ. ದಕ್ಷಿಣಕ್ಕೆ ತುಂಗಭದ್ರೆ. ಹೊಳಿ ಈಚೆ ನಿಜಾಮರ ರಾಜ್ಯ, ಆಚೆ ಮದ್ರಾಸ್ ಪ್ರಾಂತ್ಯದ ಸಿರುಗುಪ್ಪ, ಅಂದರೆ ಸ್ವತಂತ್ರ ಭಾರತ. ಎರಡೂ ಕಡೆ ಅದೇ ಕನ್ನಡ, ಅದೇ ಜೋಳದ ರೊಟ್ಟಿ. 13 ತಿಂಗಳು ಆ ನದಿ ಎರಡು ದೇಶಗಳ ನಡುವಿನ ಗೆರೆಯಾಗಿತ್ತು. ಮುಂಡರಗಿ, ಗಜೇಂದ್ರಗಡದಂಥ ಗಡಿಯಾಚೆಯ ಊರುಗಳಲ್ಲಿ ಹೋರಾಟಗಾರರ ಶಿಬಿರಗಳು ಎದ್ದವು. ಮುಂಡರಗಿ ಶಿಬಿರ ನಡೆಸಿದವರು ಅಳವಂಡಿ ಶಿವಮೂರ್ತಿಸ್ವಾಮಿಗಳು.

ನಿಜಾಮ ಮತ್ತು ಲಂಡನ್

ಬ್ರಿಟಿಷರು ಹೋದ ಮೇಲೂ ನಿಜಾಮರ ಕಣ್ಣು ಲಂಡನ್ ಮೇಲಿತ್ತು. ಮೊದಲ ಮಹಾಯುದ್ಧದಲ್ಲಿ ನೆರವಾಗಿದ್ದಕ್ಕೆ ಅವರಿಗೆ ‘ಬ್ರಿಟಿಷ್ ಸರ್ಕಾರದ ನಂಬಿಗಸ್ತ ಮಿತ್ರ’ ಎಂಬ ಬಿರುದು ಸಿಕ್ಕಿತ್ತು. ಭಾರತಕ್ಕೆ ಸೇರದೆ, ಬ್ರಿಟಿಷ್ ಕಿರೀಟದ ಜೊತೆ ನೇರ ಸಂಬಂಧ ಇಟ್ಟುಕೊಂಡು ಕೆನಡಾ, ಆಸ್ಟ್ರೇಲಿಯಾ ಥರ ಡೊಮಿನಿಯನ್ ಆಗುವ ಆಸೆ ಅವರದು. ಬ್ರಿಟನ್ ಒಪ್ಪಲಿಲ್ಲ.

ಅವರ ಕಾನೂನು ಸಲಹೆಗಾರ ಸರ್ ವಾಲ್ಟರ್ ಮಾಂಕ್ಟನ್. 1936ರಲ್ಲಿ ಎಂಟನೇ ಎಡ್ವರ್ಡ್ ಪ್ರೀತಿಸಿದವಳಿಗಾಗಿ ಸಿಂಹಾಸನ ಬಿಟ್ಟಾಗ ಸಲಹೆ ಕೊಟ್ಟ ವಕೀಲರೂ ಇವರೇ. ಒಬ್ಬ ರಾಜನಿಗೆ ಕಿರೀಟ ಇಳಿಸೋದಕ್ಕೆ ಸಲಹೆ, ಇನ್ನೊಬ್ಬನಿಗೆ ಉಳಿಸಿಕೊಳ್ಳೋದಕ್ಕೆ.

1947ರ ನವೆಂಬರ್ 20ರಂದು ರಾಜಕುಮಾರಿ ಎಲಿಜಬೆತ್ ಮದುವೆ. ನಿಜಾಮರು ಉಡುಗೊರೆಯಾಗಿ ವಜ್ರದ ಹಾರ ಕೊಟ್ಟರು. ಒಂಬತ್ತೇ ದಿನಕ್ಕೆ, ನವೆಂಬರ್ 29ರಂದು, ಭಾರತದ ಜೊತೆ ‘ಯಥಾಸ್ಥಿತಿ ಒಪ್ಪಂದ’ಕ್ಕೆ ಸಹಿ ಹಾಕಿದರು. ಆ ಹಾರ ಇವತ್ತೂ ಬ್ರಿಟನ್ ಅರಮನೆಯಲ್ಲಿದೆ. 2014ರಲ್ಲಿ ಕೇಟ್ ಮಿಡಲ್ಟನ್ ಹಾಕಿಕೊಂಡಾಗ ಫೋಟೊಗಳು ಎಲ್ಲೆಡೆ ಹರಿದಾಡಿದವು. ‘ನಿಜಾಮ್ ಆಫ್ ಹೈದರಾಬಾದ್ ನೆಕ್ಲೇಸ್’ ಅಂತ ಹುಡುಕಿದರೆ ನಿಮ್ಮ ಮೊಬೈಲಲ್ಲೂ ಬರುತ್ತದೆ. ಸಿಂಧನೂರು, ಲಿಂಗಸುಗೂರು, ಮಸ್ಕಿಯೂ ಕಂದಾಯ ಕಟ್ಟಿದ ಖಜಾನೆಯ ಧಣಿ ಕೊಟ್ಟ ಕಾಣಿಕೆ ಅದು.

ಸೆಪ್ಟೆಂಬರ್ 17ರ ಎರಡು ನೆನಪು

1948ರ ಹೊತ್ತಿಗೆ ಕಾಸಿಂ ರಜ್ವಿಯ ರಜಾಕಾರರ ಹಾವಳಿ ಹಳ್ಳಿಗಳನ್ನು ನಡುಗಿಸಿತ್ತು. ಲೂಟಿ, ಬೆಂಕಿ, ಕೊಲೆ. ಜನ ರಾತ್ರೋರಾತ್ರಿ ಹೊಳಿ ದಾಟಿ ಹೋದರು. ನಮ್ಮ ಕಡೆ ಹಿರಿಯರು ಈಗಲೂ ‘ರಜಾಕಾರರ ಗದ್ದಲದಾಗ ಹುಟ್ಟಿದಾಂವ’ ಅಂತ ವಯಸ್ಸು ಹೇಳೋದು ಕೇಳಿರಬಹುದು. ಸೆಪ್ಟೆಂಬರ್ 13ಕ್ಕೆ ಭಾರತೀಯ ಸೇನೆ ನುಗ್ಗಿತು. 17ಕ್ಕೆ ನಿಜಾಮರು ರೇಡಿಯೊದಲ್ಲಿ ಮಾತಾಡಿದರು. ಯುದ್ಧ ಮುಗಿಯಿತು.

ಆದರೆ ಕಥೆಯ ಇನ್ನೊಂದು ಭಾಗವನ್ನು ವೇದಿಕೆಗಳಲ್ಲಿ ಹೇಳೋದು ಕಡಿಮೆ. ಆ ದಿನಗಳಲ್ಲಿ ಮತ್ತು ನಂತರದ ವಾರಗಳಲ್ಲಿ ಸಂಸ್ಥಾನದ ಹಲವು ಜಿಲ್ಲೆಗಳಲ್ಲಿ ಸಾಮಾನ್ಯ ಮುಸ್ಲಿಮರ ಮೇಲೆ ಸೇಡಿನ ದಾಳಿಗಳು ನಡೆದವು. ನೆಹರೂ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ ಸತ್ತವರ ಸಂಖ್ಯೆಯನ್ನು 27 ಸಾವಿರದಿಂದ 40 ಸಾವಿರ ಅಂತ ಅಂದಾಜು ಮಾಡಿತು. ಆ ವರದಿ ದಶಕಗಳ ಕಾಲ ಕಪಾಟಿನಲ್ಲೇ ಉಳಿಯಿತು. ರಜಾಕಾರರಿಗೆ ಹೆದರಿ ಓಡಿದವರೂ ನಮ್ಮ ಊರಿನವರೇ, ಆಮೇಲೆ ಮನೆಯವರನ್ನು ಕಳಕೊಂಡವರೂ ನಮ್ಮ ಊರಿನವರೇ. ರಾಜ ಮಾಡಿದ ತೀರ್ಮಾನಕ್ಕೆ ಬೆಲೆ ತೆತ್ತಿದ್ದು ಎರಡೂ ಕಡೆಯ ಬಡವರು. ಸೆಪ್ಟೆಂಬರ್ 17 ಎಲ್ಲರ ಹಬ್ಬ ಆಗಬೇಕಂದ್ರೆ ಈ ಎರಡೂ ನೆನಪಿಗೆ ಜಾಗ ಇರಬೇಕು.

ಇನ್ನು ರಾಜನಿಗೆ ಏನಾಯಿತು? ಭಾರತ ಗಣರಾಜ್ಯವಾದ 1950ರ ಜನವರಿ 26ರಿಂದ 1956ರ ಅಕ್ಟೋಬರ್ 31ರವರೆಗೆ ಅದೇ ನಿಜಾಮರು ಹೈದರಾಬಾದ್ ರಾಜ್ಯದ ರಾಜಪ್ರಮುಖರಾಗಿದ್ದರು. ಮರುದಿನ ನವೆಂಬರ್ 1. ಸಂಸ್ಥಾನ ಮೂರು ಭಾಗವಾಗಿ, ರಾಯಚೂರು ಮೈಸೂರು ರಾಜ್ಯಕ್ಕೆ ಬಂತು. ಲಿಂಗಸುಗೂರು ತಾಲ್ಲೂಕಿನಲ್ಲಿ 1947ರಲ್ಲಿ ‘ಹೈದರಾಬಾದ್ ಗೋಲ್ಡ್ ಮೈನ್ಸ್’ ಅಂತ ಶುರುವಾದ ಕಂಪನಿ 1956ರಲ್ಲಿ ಹಟ್ಟಿ ಚಿನ್ನದ ಗಣಿ ಆಯಿತು. ಬಂಗಾರ ಅದೇ, ಬೋರ್ಡು ಬದಲು.

ಒಂದೇ ಪದ, ಎರಡು ಅರ್ಥ

ಇಲ್ಲೊಂದು ಸ್ವಾರಸ್ಯ ಇದೆ. ಕನ್ನಡದಲ್ಲಿ ‘ಯಥಾ ರಾಜಾ ತಥಾ ಪ್ರಜಾ’ ಅಂತೀವಿ. ಅಲ್ಲಿ ಪ್ರಜೆ ಅಂದರೆ ರಾಜನ ಕೈಕೆಳಗಿನವನು. ‘ಪ್ರಜಾಪ್ರಭುತ್ವ’ ಅಂದಾಗ ಅದೇ ಪ್ರಜೆಯೇ ಪ್ರಭು! ಇಂಗ್ಲಿಷ್‌ನಲ್ಲಿ ಹೀಗಿಲ್ಲ. ರಾಜನ ಅಧೀನದವನು ‘ಸಬ್ಜೆಕ್ಟ್’, ದೇಶದ ಹಕ್ಕುದಾರ ‘ಸಿಟಿಜನ್’. ಎರಡು ಬೇರೆ ಪದ.

ತಮಾಷೆ ಏನಂದರೆ, ಇಂಗ್ಲಿಷ್ ಮಾತಾಡುವ ಜನ ಕೂಡ ಸಬ್ಜೆಕ್ಟ್‌ನಿಂದ ಸಿಟಿಜನ್‌ಗೆ ಬಂದದ್ದು ಹೆಚ್ಚುಕಡಿಮೆ ನಮ್ಮ ಹಿರಿಯರ ಕಾಲದಲ್ಲೇ. ಕೆನಡಾಕ್ಕೆ ತನ್ನದೇ ಪೌರತ್ವ ಕಾನೂನು ಜಾರಿಗೆ ಬಂದದ್ದು 1947ರ ಜನವರಿ 1ಕ್ಕೆ. ಬ್ರಿಟನ್ನಿನ ಕಾನೂನಿನಲ್ಲಿ ಸಿಟಿಜನ್ ಪದ ಆ ಅರ್ಥದಲ್ಲಿ ಬಂದದ್ದು 1949ರ ಜನವರಿ 1ರಿಂದ. ಸಿಂಧನೂರಿನವರು ನಿಜಾಮರ ಪ್ರಜೆಯಿಂದ ಭಾರತದ ಪ್ರಜೆಯಾದದ್ದು ಈ ಎರಡು ದಿನಾಂಕಗಳ ನಡುವೆ.

ಆದರೂ ಅವರು ಕಿರೀಟ ಬಿಡಲಿಲ್ಲ. ಇವತ್ತು ಮೂರನೇ ಚಾರ್ಲ್ಸ್ ಬ್ರಿಟನ್ ಸೇರಿ 15 ದೇಶಗಳಿಗೆ ರಾಜ. ಆಸ್ಟ್ರೇಲಿಯಾ 1999ರ ನವೆಂಬರ್ 6ರಂದು ಗಣರಾಜ್ಯ ಆಗಬೇಕಾ ಅಂತ ಜನರನ್ನೇ ಕೇಳಿತು. ಸುಮಾರು 55 ಶೇಕಡ ಮಂದಿ ಬೇಡ ಅಂದರು. ಬಾರ್ಬಡೋಸ್ 2021ರ ನವೆಂಬರ್ 30ಕ್ಕೆ ರಾಣಿಯನ್ನು ಬಿಟ್ಟು ಗಣರಾಜ್ಯ ಆಯಿತು. ಅಧಿಕಾರ ಇಲ್ಲದ ರಾಜನನ್ನು ಇಟ್ಟುಕೊಳ್ಳೋದು, ಬಿಡೋದು ಈಗ ಅಲ್ಲಿನ ಜನರ ಇಷ್ಟ.

ಹಾಗಾಗಿ ನಮ್ಮ ಕಡೆಯ ಸಾಫ್ಟ್‌ವೇರ್ ಹುಡುಗ ಅಥವಾ ನರ್ಸ್ ಹುಡುಗಿ ಟೊರಾಂಟೊದಲ್ಲಿ ಪೌರತ್ವ ತಗೊಂಡರೆ ರಾಜ ಮೂರನೇ ಚಾರ್ಲ್ಸ್‌ಗೆ, ಅವರ ವಾರಸುದಾರರಿಗೆ ನಿಷ್ಠೆಯಿಂದಿರುತ್ತೇನೆ ಅಂತ ಪ್ರಮಾಣ ಮಾಡಲೇಬೇಕು. ಬ್ರಿಟನ್, ನ್ಯೂಜಿಲೆಂಡ್‌ಗಳಲ್ಲೂ ರಾಜನ ಹೆಸರು ಬರುತ್ತದೆ. ಆಸ್ಟ್ರೇಲಿಯಾ 1994ರಲ್ಲೇ ಆ ಹೆಸರು ತೆಗೆದು ದೇಶಕ್ಕೆ ಮತ್ತು ಜನರಿಗೆ ನಿಷ್ಠೆ ಅಂತ ಮಾಡಿತು. ಅಮೆರಿಕದ ಪ್ರಮಾಣದಲ್ಲಿ ಉಲ್ಟಾ: ಪರದೇಶದ ಯಾವ ರಾಜನಿಗೂ ನಿಷ್ಠೆ ಇಲ್ಲ ಅಂತ ಹೇಳಬೇಕು. ಐದು ಇಂಗ್ಲಿಷ್ ದೇಶ, ಮೂರು ಥರದ ನಂಟು. ಭಾಷೆ ಒಂದೇ ಆದ ಮಾತ್ರಕ್ಕೆ ದೇಶಾಭಿಮಾನವೂ ಒಂದೇ ಥರ ಇರಲ್ಲ.

ರಾಜನ ಪ್ರಜೆಯಾಗಿ ಹುಟ್ಟಿ ಗಣರಾಜ್ಯದ ಪ್ರಜೆಯಾಗಿ ತೀರಿಕೊಂಡ ತಾತ. ಗಣರಾಜ್ಯದಲ್ಲಿ ಹುಟ್ಟಿ ರಾಜನಿಗೆ ಪ್ರಮಾಣ ಮಾಡುವ ಮೊಮ್ಮಗ. ನಗೋ ವಿಷಯ ಅಲ್ಲ, ಬೈಯೋ ವಿಷಯನೂ ಅಲ್ಲ. ವ್ಯತ್ಯಾಸ ಒಂದೇ: ತಾತನನ್ನು ಯಾರೂ ಕೇಳಿರಲಿಲ್ಲ, ಮೊಮ್ಮಗ ತಾನೇ ಅರ್ಜಿ ಹಾಕಿದ.

‘ನಮ್ಮವರು’ ಅಂದ್ರೆ ಯಾರು?

ರಾಜ ಹೋದರೂ ‘ಯಾರು ನಮ್ಮವರು’ ಎಂಬ ಪ್ರಶ್ನೆ ಹೋಗಿಲ್ಲ. ನಿಜಾಮರ ಕಾಲದಲ್ಲಿ ಸರ್ಕಾರಿ ನೌಕರಿಗೆ ‘ಮುಲ್ಕಿ’ ನಿಯಮ ಇತ್ತು. ಮುಲ್ಕಿ ಅಂದರೆ ಈ ನಾಡಿನವನು, ಗೈರ್ ಮುಲ್ಕಿ ಅಂದರೆ ಹೊರಗಿನವನು. ಇವತ್ತು ನಮ್ಮ ಹುಡುಗರ ಫೈಲಿನಲ್ಲಿ 371ಜೆ ಸರ್ಟಿಫಿಕೇಟ್ ಇರುತ್ತದೆ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ಈ ವಿಶೇಷ ಸ್ಥಾನ ಶಿಕ್ಷಣ, ಉದ್ಯೋಗದಲ್ಲಿ ಹಿಂದುಳಿದ ಈ ಭಾಗಕ್ಕೆ ಮೀಸಲಾತಿ ಕೊಟ್ಟಿದೆ. ಎರಡಕ್ಕೂ ವ್ಯತ್ಯಾಸ ದೊಡ್ಡದು. ಮುಲ್ಕಿ ರಾಜನ ಫರ್ಮಾನಿನಿಂದ ಬಂತು. 371ಜೆ ಜನ ಬೀದಿಗಿಳಿದು ಕೇಳಿ, ಸಂಸತ್ತಿನಲ್ಲಿ ಪಡೆದ ಹಕ್ಕು.

ಸಿಂಧನೂರಿನ ಸುತ್ತ ಈ ಪ್ರಶ್ನೆ ಇನ್ನೂ ಹಸಿಯಾಗಿದೆ. ತುಂಗಭದ್ರಾ ಎಡದಂಡೆ ನಾಲೆ ನೀರು ಬಂದ ಮೇಲೆ ಆಂಧ್ರದ ರೈತರು ಬಂದು ಭತ್ತ ಬೆಳೆದರು. ಊರ ಹೆಸರಿನ ಮುಂದೆ ‘ಕ್ಯಾಂಪ್’ ಸೇರಿತು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ 1970ರ ದಶಕದ ಹೊತ್ತಿಗೆ ಆರ್‌ಎಚ್ ಕ್ಯಾಂಪ್‌ಗಳು ಎದ್ದವು. ಅಲ್ಲಿ ಹುಟ್ಟಿ ಬೆಳೆದವರು ಬಂಗಾಳಿ ಜೊತೆ ಕನ್ನಡನೂ ಮಾತಾಡ್ತಾರೆ, ನಮ್ಮದೇ ಬಜಾರಿಗೆ ಬರ್ತಾರೆ. ಆದರೂ ಅವರಲ್ಲಿ ಕೆಲವರು ದಶಕಗಟ್ಟಲೆ ಪೌರತ್ವದ ಕಾಗದಕ್ಕೆ ಕಾದರು. 2019ರ ಪೌರತ್ವ ತಿದ್ದುಪಡಿ ಕಾಯ್ದೆಯ ನಿಯಮಗಳು 2024ರ ಮಾರ್ಚ್‌ನಲ್ಲಿ ಜಾರಿಯಾದ ಮೇಲೆ ಕೆಲವರ ಕೈಗೆ ಆ ಪತ್ರ ಬಂತು. ಆ ಕಾಯ್ದೆ ಧರ್ಮದ ಆಧಾರದ ಮೇಲೆ ಕೆಲವರನ್ನು ಬಿಟ್ಟಿದೆ ಎಂಬ ವಾದವೂ ದೇಶದಲ್ಲಿ ಜೋರಾಗಿ ನಡೆದಿದೆ.

ಒಂದು ಕಾಲಕ್ಕೆ ಊರು ಬಿಡದೆ ಮೂರು ಸಲ ದೊರೆ ಬದಲಾದ ನೆಲ ಇದು. ಅದೇ ನೆಲದಲ್ಲಿ ಐವತ್ತು ವರ್ಷ ಬಾಳಿದರೂ ದೇಶ ಸಿಗದವರೂ ಇದ್ದರು. ದೇಶ ಅನ್ನೋದು ನಕ್ಷೆಯ ಗೆರೆಯಿಂದ ಮಾತ್ರ ಆಗಲ್ಲ ಅನ್ನೋದನ್ನು ನಮ್ಮ ಮೂರು ತಾಲ್ಲೂಕಿನವರಿಗೆ ಬೇರೆಯವರು ಕಲಿಸಬೇಕಿಲ್ಲ. ಯಾರು ಒಳಗೆ, ಯಾರು ಹೊರಗೆ ಅಂತ ಒಬ್ಬ ದೊರೆ ಕೂತು ಹೇಳುವ ಕಾಲ ಮುಗಿದಿದೆ. ಈಗ ಅದನ್ನು ಹೇಳೋರು ನಾವೇ, ಮತ ಹಾಕುವ ಪ್ರಜೆಗಳು. ಹಾಗಾಗಿ ತಪ್ಪಾದರೂ ಅದು ರಾಜನ ಲೆಕ್ಕಕ್ಕಲ್ಲ, ನಮ್ಮ ಲೆಕ್ಕಕ್ಕೆ.

ಈ ಸಲ ಊರಿಗೆ ಹೋದಾಗ

ದಸರಾಕ್ಕೋ ದೀಪಾವಳಿಗೋ ಊರಿಗೆ ಹೋಗ್ತೀರಲ್ಲ, ಮೂರು ಕೆಲಸ ಮಾಡಿ.

ಒಂದು, 1948ರಲ್ಲಿ ಎಂಟು-ಹತ್ತು ವರ್ಷದವರಾಗಿದ್ದ ಹಿರಿಯರು ಮನೆಯಲ್ಲೋ ಓಣಿಯಲ್ಲೋ ಇದ್ದರೆ, ಪಕ್ಕ ಕೂತು ‘ನಿಜಾಮಂದು ಹೋದಾಗ ಹೆಂಗಿತ್ತು?’ ಅಂತ ಕೇಳಿ. ಮೊಬೈಲ್ ರೆಕಾರ್ಡರ್ ಆನ್ ಮಾಡಿಡಿ. ಹಿಂದೂ ಮನೆಯಲ್ಲೂ ಕೇಳಿ, ಮುಸ್ಲಿಂ ಮನೆಯಲ್ಲೂ ಕೇಳಿ. ಅವರಿಗೀಗ 85 ದಾಟಿದೆ. ಮುಂದಿನ ವರ್ಷ ಅಂತ ಮುಂದೂಡಬೇಡಿ.

ಎರಡು, ಹಳೇ ಟ್ರಂಕಿನಲ್ಲಿ ಉರ್ದು ಬರಹದ ಜಮೀನಿನ ಕಾಗದ ಇದ್ದರೆ ರದ್ದಿಗೆ ಹಾಕಬೇಡಿ. ಫೋಟೊ ತೆಗೆದು, ಓದಬಲ್ಲವರಿಗೆ ತೋರಿಸಿ. ನಿಮ್ಮ ಮನೆತನದವರು ಯಾವ ಸರ್ಕಾರಕ್ಕೆ ಕಂದಾಯ ಕಟ್ಟಿದ್ದರು ಅನ್ನೋದು ಅದರಲ್ಲಿ ಸಿಗಬಹುದು.

ಮೂರು, ಮಸ್ಕಿಗೆ ಹೋಗಿ ಆ ಬಂಡೆ ನೋಡಿ ಬನ್ನಿ. ಆಮೇಲೆ ಜೇಬಿನಿಂದ ಒಂದು ನಾಣ್ಯ ತೆಗೆದು ನೋಡಿ. ಒಂದು ಕಾಲದಲ್ಲಿ ಅಲ್ಲಿ ವಿಕ್ಟೋರಿಯಾ, ಎಡ್ವರ್ಡ್, ಜಾರ್ಜ್ ಮುಖಗಳಿದ್ದವು. ನಿಜಾಮರ ರಾಜ್ಯದಲ್ಲಿ ಅವರದೇ ನಾಣ್ಯ ಇತ್ತು. ಈಗ ಅಶೋಕನ ಸಿಂಹಗಳಿವೆ. ಅಶೋಕನೂ ರಾಜನೇ. ಆದರೆ ನಾವು ಅವನ ಮುಖ ಇಟ್ಟುಕೊಳ್ಳಲಿಲ್ಲ, ವಂಶ ಇಟ್ಟುಕೊಳ್ಳಲಿಲ್ಲ, ಅವನು ನಿಲ್ಲಿಸಿದ ಕಂಬದ ಗುರುತನ್ನು ಮಾತ್ರ ಇಟ್ಟುಕೊಂಡೆವು. ಸಣ್ಣವರಿಗೂ ದೊಡ್ಡವರಿಗೂ ಒಂದೇ ದಾರಿ ಅಂತ ಮಸ್ಕಿಯ ಬಂಡೆ ಹೇಳಿದ್ದು ಎಷ್ಟರಮಟ್ಟಿಗೆ ನಿಜವಾಗಿದೆ ಅನ್ನೋದನ್ನು ಅಲ್ಲೇ ನಿಂತು ಒಂದು ಗಳಿಗೆ ಯೋಚಿಸಿ.

ನಿಮ್ಮ ಮನೆಯ ಹಿರಿಯರು ಹೇಳಿದ ನಿಜಾಮರ ಕಾಲದ, ರಜಾಕಾರರ ದಿನಗಳ, ಕ್ಯಾಂಪ್ ಬದುಕಿನ ನೆನಪುಗಳಿದ್ದರೆ ನಮ್ಮ ಓದುಗರ ಅಂಕಣಕ್ಕೆ ಬರೆದು ಕಳಿಸಿ. ನಿಮ್ಮೂರಿನ ಮಾತಿನಲ್ಲೇ ಬರೆಯಿರಿ, ತಿದ್ದಿ ತೀಡಬೇಕಿಲ್ಲ.